ಹಳೆ ಕ್ರಯಪತ್ರದಲ್ಲಿ ‘ಆರು ಅಂಕಣದ ಮಾಳಿಗೆ ಮನೆ’ ಅಂದರೆ?

ಮಧುಗಿರಿ ಕಡೆಯ ನಿಮ್ಮ ತಾತನ ಮನೆಪತ್ರದಲ್ಲಿ ‘ಆರು ಅಂಕಣ’ ಅಂತಿದೆ, ಆರು ಕೋಣೆ ಅಂತಲೇ ಅರ್ಥವಾ ಎಂದು ಕೇಳಿದ್ದೀರಿ. ಅಲ್ಲ. ಒಂದು ತೊಲೆಯಿಂದ ಇನ್ನೊಂದು ತೊಲೆಗೆ, ಅಥವಾ ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ನಡುವೆ ಗೋಡೆ ಇರಲೇಬೇಕು ಅಂತಿಲ್ಲ. ಎರಡು ಮೂರು ಅಂಕಣ ಸೇರಿ ಒಂದೇ ನಡುಮನೆ ಆಗಿರಬಹುದು.

ನಮ್ಮ ತುಮಕೂರು, ಕೋಲಾರ ಸೀಮೆಯ ಮಾಳಿಗೆ ಮನೆಗಳಲ್ಲಿ, ಅಂದರೆ ಮಟ್ಟಸವಾದ ಮಣ್ಣಿನ ಚಾವಣಿಯ ಮನೆಗಳಲ್ಲಿ, ತೊಲೆಯ ಮೇಲೆ ಜಂತೆ (ಅಡ್ಡಕ್ಕೆ ಹಾಕುವ ಸಣ್ಣ ಮರ), ಜಂತೆಯ ಮೇಲೆ ಹಲಗೆಯೋ ಕಡ್ಡಿಯೋ ಹಾಸಿ ಮಣ್ಣು ಹಾಕುತ್ತಿದ್ದರು. ಸಿಕ್ಕ ಮರ ಎಷ್ಟು ಉದ್ದವೋ ಅಂಕಣವೂ ಅಷ್ಟೇ. ಹಾಗಾಗಿ ಮನೆಯಿಂದ ಮನೆಗೆ ಅಳತೆ ಬದಲಾಗುತ್ತದೆ. ಆದರೂ ‘ಎಷ್ಟು ಅಂಕಣದ ಮನೆ?’ ಅಂದರೆ ಮನೆ ಎಷ್ಟು ದೊಡ್ಡದು ಅಂತ ಊರವರಿಗೆ ಗೊತ್ತಾಗುತ್ತಿತ್ತು. ಎಷ್ಟು ಚೆಂದದ ಲೆಕ್ಕ ಅಲ್ವಾ!

ದೇವಸ್ಥಾನಕ್ಕೂ ಇದೇ ಮಾತು. ಗರ್ಭಗುಡಿಯ ಮುಂದಿನ ಕಂಬಗಳ ಮಂಟಪವಾದ ನವರಂಗದಲ್ಲಿ ಒಂಬತ್ತು ಅಂಕಣ, ನಡುವಿನದಕ್ಕೆ ನಾಲ್ಕು ಕಂಬ. ಪತ್ರಿಕೆಯ ‘ಅಂಕಣ’ವೂ ಇದೇ ಪದ.

ಪಾಲು ಮಾಡುವ ವಿಷಯ ಬರೆದಿದ್ದೀರಿ, ಅದಕ್ಕೇ ಹೇಳುತ್ತೇನೆ: ಅಂಕಣವನ್ನು ಸುಮ್ನೆ ಚದರಡಿಗೆ ಗುಣಿಸಬೇಡಿ. ಆಂಧ್ರದ ಕೆಲವೆಡೆ ‘ಅಂಕಣಂ’ ನಿವೇಶನದ ಅಳತೆ, ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಪತ್ರದ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆಯ ವಿವರ) ನೋಡಿ, ಜಾಗದಲ್ಲೇ ಟೇಪು ಹಿಡಿದು ಅಳೆಸಿ. ಮನೆ ಇನ್ನೂ ನಿಂತಿದ್ದರೆ ಒಳಗೆ ಹೋಗಿ ತಲೆ ಎತ್ತಿ ತೊಲೆ ಎಣಿಸಿ, ಆರು ಅಂಕಣ ಅಲ್ಲೇ ಸಿಗುತ್ತವೆ.