ಶೇ 89 ಇದ್ದವರು ಸೋತರು, ಶೇ 35 ಇದ್ದವರು ಗೆದ್ದರು

ಆತ್ಮೀಯ ಓದುಗರೇ,

ಅಮೆರಿಕದ ಅಧ್ಯಕ್ಷರ ಜನಮೆಚ್ಚುಗೆ ಏರಿತು, ಇಳಿಯಿತು ಅಂತ ನಾವು ಆಗಾಗ ಬರೆಯುತ್ತೇವೆ. ‘ಆ ಅಂಕಿ ನೋಡಿ ಅಧ್ಯಕ್ಷರು ಮತ್ತೆ ಗೆಲ್ಲುತ್ತಾರೋ ಇಲ್ಲವೋ ಹೇಳಬಹುದಾ? ಆಗದಿದ್ದರೆ ಸುಮ್ನೆ ಯಾಕೆ ಅಚ್ಚು ಹಾಕುತ್ತೀರಿ?’ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಚುನಾವಣೆ ತೀರಾ ಹತ್ತಿರ ಬಂದಾಗ ಸುಮಾರಾಗಿ ಹೇಳಬಹುದು. ಒಂದು ವರ್ಷ ಮೊದಲೇ ಹೇಳುವವರನ್ನು ಮಾತ್ರ ನಂಬಬೇಡಿ.

ಮೊದಲು, ಸಮೀಕ್ಷೆಯವರು ಏನು ಕೇಳುತ್ತಾರೆ ನೋಡಿ. ಅಧ್ಯಕ್ಷರು ಕೆಲಸ ಮಾಡುತ್ತಿರುವ ರೀತಿ ನಿಮಗೆ ಒಪ್ಪಿಗೆಯೇ, ಅಲ್ಲವೇ? ಗ್ಯಾಲಪ್ ಎಂಬ ಅಮೆರಿಕದ ಸಮೀಕ್ಷೆ ಸಂಸ್ಥೆ ದಶಕಗಳ ಕಾಲ ಕೇಳಿದ್ದು ಇಷ್ಟೇ. ಯಾರಿಗೆ ಮತ ಹಾಕುತ್ತೀರಿ ಅನ್ನುವುದು ಇದರಲ್ಲಿಲ್ಲ. ಎದುರಾಳಿಯ ಹೆಸರೂ ಇಲ್ಲ. ಅಧ್ಯಕ್ಷರ ಮೇಲೆ ಸಿಟ್ಟಿದ್ದರೂ ಎದುರಾಳಿ ಅವರಿಗಿಂತ ಕೆಟ್ಟವರು ಅಂತ ಅಧ್ಯಕ್ಷರಿಗೇ ಮತ ಹಾಕುವವರು ಇರುತ್ತಾರೆ, ಅಲ್ವಾ?

ಹಿರಿಯ ಬುಷ್ ಅವರದ್ದನ್ನೇ ನೋಡಿ. 1991ರ ಫೆಬ್ರುವರಿ ಕೊನೆಗೆ ಕೊಲ್ಲಿ ಯುದ್ಧ ಮುಗಿಯಿತು. ಅವರ ಮೆಚ್ಚುಗೆ ಶೇ 89ಕ್ಕೆ ಹೋಯಿತು. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕೆಲವು ದೊಡ್ಡ ನಾಯಕರು ಕಣಕ್ಕೆ ಇಳಿಯಲೇ ಇಲ್ಲ. ಆಮೇಲೆ ಜನ ಯುದ್ಧ ಮರೆತರು, ಕೆಲಸ ಮತ್ತು ಸಂಬಳದ ಚಿಂತೆಗೆ ಬಿದ್ದರು. ಹೊಸ ತೆರಿಗೆ ಹಾಕಲ್ಲ ಅಂದಿದ್ದ ಬುಷ್ ಅದಾಗಲೇ ತೆರಿಗೆ ಏರಿಸಿದ್ದರು, ಅದೂ ನೆನಪಿಗೆ ಬಂತು. 1992ರ ಬೇಸಿಗೆಗೆ ಮೆಚ್ಚುಗೆ ಶೇ 30ರ ಸುತ್ತಮುತ್ತ ಇತ್ತು. ನವೆಂಬರಿನಲ್ಲಿ ಸಿಕ್ಕಿದ್ದು ಶೇ 37 ಮತ. ಮೂರನೆಯವರಾಗಿ ನಿಂತ ರಾಸ್ ಪೆರೋ ಶೇ 19 ಮತ ತೆಗೆದುಕೊಂಡರು, ಬಿಲ್ ಕ್ಲಿಂಟನ್ ಶೇ 43ರಲ್ಲೇ ಗೆದ್ದರು. ಯುದ್ಧ, ದಾಳಿ, ಬಿಕ್ಕಟ್ಟಿನ ಹೊತ್ತಿನಲ್ಲಿ ಜನ ನಾಯಕನ ಬೆನ್ನಿಗೆ ನಿಲ್ಲುತ್ತಾರೆ. ಆ ಬೆಂಬಲವನ್ನು ಮತ ಅಂತ ಲೆಕ್ಕ ಹಾಕಬಾರದು.

ರೇಗನ್ ಅವರದ್ದು ಇದಕ್ಕೆ ಪೂರ್ತಿ ಉಲ್ಟಾ. 1983ರ ಜನವರಿಯಲ್ಲಿ ನಿರುದ್ಯೋಗ ಶೇ 10ಕ್ಕಿಂತ ಜಾಸ್ತಿ, ಅವರ ಮೆಚ್ಚುಗೆ ಶೇ 35. ಆಮೇಲೆ ಆರ್ಥಿಕತೆ ಚೇತರಿಸಿಕೊಂಡಿತು. 1984ರಲ್ಲಿ ಅವರು 50 ರಾಜ್ಯಗಳಲ್ಲಿ 49 ಗೆದ್ದರು.

ಕೊನೆಯ ವಾರಗಳ ಅಂಕಿ ಬೇರೆ ರೀತಿ. 2012ರಲ್ಲಿ ಒಬಾಮಾ ಮೆಚ್ಚುಗೆ ಶೇ 50 ದಾಟಿತ್ತು, ಮತ ಬಂದದ್ದು ಶೇ 51. 2020ರಲ್ಲಿ ಟ್ರಂಪ್ ಮೆಚ್ಚುಗೆ ಶೇ 46ರ ಹತ್ತಿರ, ಮತ ಶೇ 47ರ ಹತ್ತಿರ. ಅಷ್ಟಾದರೂ ಅವರ ಸೋಲು ಖಚಿತ ಅಂತ ಹೇಳಲು ಬರುತ್ತಿರಲಿಲ್ಲ. ಅಲ್ಲಿ ಗೆಲುವು ನಿರ್ಧಾರವಾಗುವುದು ರಾಜ್ಯವಾರು ಎಲೆಕ್ಟೋರಲ್ ಮತಗಳಿಂದ, ಅಂದರೆ ಪ್ರತಿ ರಾಜ್ಯಕ್ಕೂ ಇಂತಿಷ್ಟು ಅಂತ ಇರುವ, ಸಾಮಾನ್ಯವಾಗಿ ಅಲ್ಲಿ ಗೆದ್ದವರಿಗೇ ಪೂರ್ತಿ ಸಿಗುವ ಮತಗಳಿಂದ. ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರರಲ್ಲೂ ಅವರು ಸೋತ ಅಂತರ ಕೂಡಿದರೆ ಸುಮಾರು 43,000 ಮತ ಅಷ್ಟೇ. ಇಡೀ ದೇಶದ ಒಂದು ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಶೇ 50 ದಾಟಿದರೆ ಗೆಲುವು, ಇಲ್ಲದಿದ್ದರೆ ಸೋಲು ಅನ್ನುವ ಲೆಕ್ಕ ಟಿವಿಯಲ್ಲಿ ಕೇಳಿರುತ್ತೀರಿ. ಆದರೆ ಕಿರಿಯ ಬುಷ್ 2004ರಲ್ಲಿ ಮೆಚ್ಚುಗೆ ಶೇ 48 ಇದ್ದಾಗಲೇ ಗೆದ್ದರು. 1948ರ ಬೇಸಿಗೆಯಲ್ಲಿ ಟ್ರೂಮನ್ ಶೇ 40ರ ಆಸುಪಾಸಿನಲ್ಲಿದ್ದರು. ರೈಲಿನಲ್ಲಿ ಊರೂರು ಸುತ್ತಿ, ಭಾಷಣ ಮಾಡಿ, ಎದುರಾಳಿ ಡ್ಯೂಯಿ ಅವರನ್ನು ಸೋಲಿಸಿದರು. ಅಷ್ಟರಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಡ್ಯೂಯಿ ಗೆದ್ದರೆಂದು ಅಚ್ಚು ಹಾಕಿಬಿಟ್ಟಿತ್ತು. ಇನ್ನೊಂದು ಮಾತು. 1948ರಿಂದ 2020ರವರೆಗೆ ಅಧಿಕಾರದಲ್ಲಿದ್ದ ಅಧ್ಯಕ್ಷರು ಕಣದಲ್ಲಿದ್ದದ್ದು 12 ಚುನಾವಣೆಗಳಲ್ಲಿ. ಸೋತವರು ಫೋರ್ಡ್, ಕಾರ್ಟರ್, ಹಿರಿಯ ಬುಷ್, ಟ್ರಂಪ್, ನಾಲ್ಕೇ ಜನ. ಇಷ್ಟು ಕಡಿಮೆ ಉದಾಹರಣೆ ಇಟ್ಟುಕೊಂಡು ನಿಯಮ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಟ್ರಂಪ್ ಅವರ ಈಗಿನ ಅಂಕಿ ಏನು ಹೇಳುತ್ತದೆ ಅಂತಲೂ ಕೇಳಿದ್ದೀರಿ. ಅವರು ಎರಡು ಸಲ ಗೆದ್ದಾಗಿದೆ. ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಮೂರನೇ ಸಲ ಆಯ್ಕೆಯಾಗುವಂತಿಲ್ಲ. ಈಗಿನ ಅಂಕಿ ಉಪಯೋಗಕ್ಕೆ ಬರುವುದು ಅವರ ಪಕ್ಷದ ಸಂಸದರಿಗೆ, ಮಧ್ಯಂತರ ಚುನಾವಣೆಗೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ನಡೆಯುವ ಸಂಸತ್ತಿನ ಚುನಾವಣೆಗೆ. ನಾವು ಅದನ್ನು ಅಚ್ಚು ಹಾಕುವುದೂ ಅದಕ್ಕೇ. 2010ರಲ್ಲಿ ಒಬಾಮಾ ಮೆಚ್ಚುಗೆ ಶೇ 45ರ ಸುತ್ತ ಇದ್ದಾಗ ಅವರ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತು. ಎರಡು ವರ್ಷ ಕಳೆದ ಮೇಲೆ ಒಬಾಮಾ ಮಾತ್ರ ಗೆದ್ದು ಬಂದರು.

– ಸಂಪಾದಕ