ಗಣಿತದ ನೋಟ್‌ಬುಕ್ಕಿನ ಕೊನೇ ಪುಟ

ಹೆಸರು, ಊರು, ಒಂದಷ್ಟು ವಿವರ ಬದಲಾಯಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ, ಹುಡುಗನದ್ದೂ.

ಒಂಬತ್ತನೇ ಕ್ಲಾಸಿನ ಹುಡುಗ. ಮನು ಅಂತಿಟ್ಟುಕೊಳ್ಳೋಣ. "ಪರೀಕ್ಷೆ ಭಯ ಇರ್ಬೇಕು ಮೇಡಂ, ಊಟ ಸೇರ್ತಿಲ್ಲ, ರಾತ್ರಿ ಎದ್ದು ಕೂರ್ತಾನೆ" ಅಂತ ಅಮ್ಮ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು. ಅಪ್ಪನದು ಕಿರಾಣಿ ಅಂಗಡಿ, ಬಿಟ್ಟು ಬರಕ್ಕಾಗಲ್ವಂತೆ.

ಅಮ್ಮನನ್ನು ಹೊರಗೆ ಕೂರಿಸಿದೆ. ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತೆ, ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ದೊಡ್ಡವರಿಗೆ ಹೇಳಲೇಬೇಕಾಗುತ್ತೆ ಅಂತ ಹುಡುಗನಿಗೆ ಮೊದಲೇ ತಿಳಿಸಿದೆ. ಕೈಯಲ್ಲಿದ್ದ ಬಸ್ ಟಿಕೆಟನ್ನು ಮಡಚಿ ಮಡಚಿ ಕಡಲೆಬೇಳೆಯಷ್ಟು ಮಾಡಿದ್ದ. ಅರ್ಧ ಗಂಟೆ ಮಾತೇ ಇಲ್ಲ. ಆಮೇಲೆ ಬ್ಯಾಗಿನಿಂದ ಗಣಿತದ ನೋಟ್‌ಬುಕ್ ತೆಗೆದು ಕೊನೇ ಪುಟ ತೋರಿಸಿದ. ತಾರೀಕು, ಅದರ ಮುಂದೆ ದುಡ್ಡು. 50, 50, 100, 200, ಹೀಗೇ ಕೆಳಗಿನ ತನಕ. ಗೆರೆ ಎಳೆದು 2,400.

ಅಪ್ಪನ ಗಲ್ಲಾದಿಂದ ತೆಗೆದದ್ದು. ಮೊದಲು ಗೆಳೆಯರ ಜೊತೆ ಗೋಬಿ ಮಂಚೂರಿಗೆ, ಆಮೇಲೆ ಮೊಬೈಲ್ ಗೇಮಿಗೆ. ಈ ವಯಸ್ಸಲ್ಲಿ ಇದು ನಾನು ನೋಡದ ವಿಷಯವೇನಲ್ಲ. ಆದರೆ ದುಡ್ಡು ಕಮ್ಮಿ ಬಂದಾಗ ಅಪ್ಪ ಅನುಮಾನ ಪಟ್ಟದ್ದು ಅಂಗಡಿ ಕೆಲಸದ ಹುಡುಗನ ಮೇಲೆ. 19 ವರ್ಷದವನು. ಗಿರಾಕಿಗಳ ಎದುರಿಗೇ ಬೈದು, ಆ ತಿಂಗಳ ಸಂಬಳವನ್ನೂ ಹಿಡಿದುಕೊಂಡು ಕಳಿಸಿಬಿಟ್ಟಿದ್ದರು. ಮನು ಅಲ್ಲೇ ಸಕ್ಕರೆ ಪೊಟ್ಟಣ ಕಟ್ಟುತ್ತಾ ನಿಂತಿದ್ದನಂತೆ. "ಅಣ್ಣ ನನ್ ಕಡೆ ನೋಡ್ದ ಮೇಡಂ. ಅವ್ನಿಗೆ ಗೊತ್ತಿತ್ತು."

ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ನಾವೇ ತಲೆಗೆ ತುಂಬಿದಂತೆ ಅಂತ ಬಹಳ ಜನ ಹೆದರುತ್ತಾರೆ, ಹಾಗೇನೂ ಆಗಲ್ಲ. ಇಲ್ಲ ಅಂದ. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅದೇ ಪುಟದಲ್ಲಿ ಬರೆಸಿದೆ.

ಲಾರೆನ್ಸ್ ಕೋಲ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಶಿಕಾಗೋದ 10ರಿಂದ 16 ವರ್ಷದ ಹುಡುಗರಿಗೆ ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದ. ಹೆಂಡತಿ ಸಾಯುತ್ತಿದ್ದಾಳೆ, ಔಷಧಿಗೆ ದುಡ್ಡಿಲ್ಲ, ಗಂಡ ಕದಿಯಬಹುದಾ? ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ, ಯಾಕೆ ಅನ್ನೋದೇ ಅವನಿಗೆ ಬೇಕಿದ್ದದ್ದು. ಏಟು ಬೀಳುತ್ತೆ ಅಂತ ಹೆದರುವುದು ಬೇರೆ, ಇನ್ನೊಬ್ಬನಿಗೆ ಅನ್ಯಾಯ ಆಯ್ತಲ್ಲ ಅಂತ ನಿದ್ದೆ ಕೆಡುವುದು ಬೇರೆ. ಮನುವಿಗೂ ಕೇಳಿದೆ, ಸಿಕ್ಕಿಬೀಳೋ ಭಯಾನಾ? "ಅಪ್ಪ ಹೊಡೆದ್ರೆ ಹೊಡೀಲಿ. ಅಣ್ಣನ ಅಮ್ಮ ನಮ್ಮಂಗಡೀಲೇ ಉದ್ರಿ ತಗೋತಿದ್ರು, ಈಗ ಆ ಬೀದೀಗೇ ಬರಲ್ಲ."

ಅಪ್ಪನಿಗೆ ಹೇಳಲೇಬೇಕು ಅಂದೆ. ನಾನೇ ಹೇಳ್ತೀನಿ, ಆದ್ರೆ ನಿಮ್ಮ ರೂಮಲ್ಲಿ ಅಂದ.

ಮುಂದಿನ ವಾರ ಅಪ್ಪ ಬಂದರು. ಕೇಳಿದ ತಕ್ಷಣ ಬಾಯಿಂದ ಬಂದದ್ದು "ಕಳ್ಳ ನನ್ಮಗನೇ", ಕೈಯೂ ಎದ್ದಿತ್ತು. ತಡೆದೆ. ನೀನು ಕಳ್ಳ ಅಂದರೆ ಹುಡುಗ ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು ಕಲಿಯುತ್ತಾನೆ. ನೀನು ಮಾಡಿದ್ದು ಕಳ್ಳತನ ಅನ್ನಿ, ಆಗ ಸರಿ ಮಾಡೋಕೆ ಅವನಿಗೊಂದು ದಾರಿ ಇರುತ್ತೆ ಅಂದೆ. ಕಷ್ಟಪಟ್ಟು ಒಪ್ಪಿದರು. ಒಪ್ಪದೇ ಇದ್ದದ್ದು ಇನ್ನೊಂದು ಮಾತು. "ಕೆಲಸದ ಹುಡುಗನ ಹತ್ರ ನಾನು ಹೋಗಿ ತಪ್ಪಾಯ್ತು ಅನ್ಬೇಕಾ? ಸಂಬಳ ಕಳಿಸ್ತೀನಿ, ಆಯ್ತಲ್ಲ?"

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡಿದೆ. "ದುಡ್ಡು ತೆಗೆದದ್ದು ಮಗ, ಮಾನ ತೆಗೆದದ್ದು ನೀವು. ನಿಮ್ಮ ಪಾಲಿನದನ್ನ ನೀವು ಮಾಡದೆ ಅವನೊಬ್ಬನಿಗೆ ಮಾಡು ಅಂದ್ರೆ ಏನು ಕಲೀತಾನೆ?" ಇಬ್ಬರೂ ಒಟ್ಟಿಗೆ ಹೋಗಿ, ಸಂಬಳ ನಿಮ್ಮ ಕೈಯಿಂದಲೇ ಕೊಡಿ, ಅವತ್ತು ಅಂಗಡೀಲಿದ್ದ ಗಿರಾಕಿಗಳಿಗೂ ಅವನದೇನೂ ತಪ್ಪಿರಲಿಲ್ಲ ಅಂತ ಹೇಳಿ ಅಂದೆ. ಮನುವನ್ನು ಮಾತ್ರ ಬೀದಿಯವರ ಮುಂದೆ ನಿಲ್ಲಿಸಬೇಡಿ. ತೆಗೆದ ದುಡ್ಡು ತೀರಿಸೋಕೆ ಅವನು ಭಾನುವಾರ ಅಂಗಡಿಯಲ್ಲಿ ಕೆಲಸ ಮಾಡಲಿ, ದಿನಕ್ಕೆ 150ರಂತೆ 16 ಭಾನುವಾರ. ಮೊಬೈಲಿನ ವಿಷಯ ಬೇರೆಯೇ ಮಾತಾಡಿದೆವು.

ಹೋಗಿದ್ದರು. ಆ ಹುಡುಗ ಈಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ, ಮೊಳೆ ತೂಗುತ್ತಿದ್ದನಂತೆ. ಸಂಬಳ ತಗೊಂಡ, ವಾಪಸ್ ಬರಲ್ಲ ಅಂದ. "ನಾನೇ ತೆಗ್ದಿದ್ದು ಅಣ್ಣಾ" ಅಂದದ್ದಕ್ಕೆ "ಗೊತ್ತು" ಅಂದನಂತೆ, ಅಷ್ಟೇ.

ಮೊನ್ನೆ ಮನು ಬಂದಿದ್ದ. ನಿದ್ದೆ ಬರುತ್ತಿದೆ. "ಅಣ್ಣಂಗೆ ಇನ್ನೂ ಕೋಪ ಹೋಗಿಲ್ಲ ಮೇಡಂ" ಅಂದ. "ಹೋಗ್ಲೇಬೇಕು ಅಂತೇನಿಲ್ಲ ಅಲ್ವಾ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ನೋಟ್‌ಬುಕ್ ತೆಗೆದ. 2,400ರ ಕೆಳಗೆ 750 ಕಳೆದು, ಬಾಕಿ 1,650 ಅಂತ ಬರೆದಿದ್ದ.