ಋತುವಿನ ಮಧ್ಯದಲ್ಲಿ ಕೋಚ್ ಬದಲಿಸಿದರೆ ಐಸ್ ಹಾಕಿ ತಂಡ ನಿಜವಾಗಿಯೂ ಚೇತರಿಸಿಕೊಳ್ಳುತ್ತದೆಯೇ?

ಚೇತರಿಸಿಕೊಳ್ಳಬಹುದು, ಆದರೆ ಮರುದಿನವೇ ಅಲ್ಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸೇಂಟ್ ಲೂಯಿಸ್ ಬ್ಲೂಸ್ ತಂಡದ 2018-19ರ ಋತುವನ್ನೇ ನೋಡಿ.

ಮೊದಲ 19 ಪಂದ್ಯಗಳಲ್ಲಿ ಗೆದ್ದದ್ದು ಏಳು ಮಾತ್ರ. ನವೆಂಬರ್‌ನಲ್ಲಿ ಕೋಚ್ ಮೈಕ್ ಯೋ ಅವರನ್ನು ಮನೆಗೆ ಕಳುಹಿಸಿ, ಅವರ ಸಹಾಯಕರಾಗಿದ್ದ ಕ್ರೇಗ್ ಬೆರೂಬಿ ಅವರಿಗೆ ತಾತ್ಕಾಲಿಕವಾಗಿ ಹೊಣೆ ವಹಿಸಲಾಯಿತು. ಹಾಗೆಂದು ಸೋಲು ನಿಲ್ಲಲಿಲ್ಲ. ಡಿಸೆಂಬರ್‌ನ ಒಂದು ಅಭ್ಯಾಸದಲ್ಲಿ ಜ್ಯಾಕ್ ಸ್ಯಾನ್‌ಫರ್ಡ್ ಮತ್ತು ರಾಬರ್ಟ್ ಬೋರ್ಟುಝೊ ಗ್ಲೌಸ್ ಕಳಚಿ ಪರಸ್ಪರ ಗುದ್ದಾಡಿದರು. ಇಬ್ಬರೂ ಒಂದೇ ತಂಡದವರು! 2019ರ ಜನವರಿ 3ರಂದು ಬೆಳಿಗ್ಗೆ ತಂಡ ಇಡೀ ಲೀಗಿನ 31 ತಂಡಗಳಲ್ಲಿ ಕೊನೆಯ ಸ್ಥಾನದಲ್ಲಿತ್ತು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಬಂದದ್ದು ಗೋಲಿನ ಮುಂದೆ. ಜನವರಿ 7ರಂದು ಜೋರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲ್‌ಕೀಪರ್‌ಗೆ ಆರಂಭದಿಂದಲೇ ಆಡುವ ಮೊದಲ ಅವಕಾಶ ಸಿಕ್ಕಿತು. ಫಿಲಡೆಲ್ಫಿಯಾ ವಿರುದ್ಧ ಆತ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಮುಂದೆ ಸತತ 11 ಗೆಲುವುಗಳ ಸರಣಿಯೂ ಬಂತು. ಬೆರೂಬಿ ಅವರ ಆಟದ ಕ್ರಮ ಸರಳ: ಪಕ್ ಅನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎದುರಾಳಿಯ ವಲಯದ ಆಳಕ್ಕೆ ತಳ್ಳು, ಬೆನ್ನಟ್ಟು, ಮೈಯೊಡ್ಡಿ ಕಸಿದುಕೋ. ಆದರೆ ಹಿಂದೆ ನಂಬಿಕಸ್ಥ ಗೋಲ್‌ಕೀಪರ್ ಇಲ್ಲದಿದ್ದರೆ ಅದೂ ಎಷ್ಟು ದಿನ ನಡೆದೀತು?

ಜೂನ್ 12ರಂದು ಬಾಸ್ಟನ್‌ನಲ್ಲಿ ನಡೆದ ಫೈನಲ್ ಸರಣಿಯ ಏಳನೇ, ಕೊನೆಯ ಪಂದ್ಯವನ್ನು 4-1ರಿಂದ ಗೆದ್ದು, ಬ್ಲೂಸ್ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಅನ್ನು ಮೊದಲ ಬಾರಿಗೆ ಎತ್ತಿತು. ಆ ನಾಲ್ಕನೇ ಗೋಲು ಹೊಡೆದದ್ದು, ಅಭ್ಯಾಸದಲ್ಲಿ ಗುದ್ದಾಡಿದ್ದ ಅದೇ ಸ್ಯಾನ್‌ಫರ್ಡ್.